ಐದು ನಿಮಿಷದ ಕನಸಿಗೆ ಎಷ್ಟು ವರ್ಷ?

ಆಲ್ಫ್ರೆಡ್ ಮೋರಿಯ ಕುತ್ತಿಗೆಯ ಮೇಲೆ ಬಿದ್ದದ್ದು ಮಂಚದ ತಲೆಭಾಗದ ಒಂದು ಪಟ್ಟಿ. ಅವನ ಕನಸಿನಲ್ಲಿ ಬಿದ್ದದ್ದು ಗಿಲೊಟಿನ್.

ಫ್ರಾನ್ಸಿನ ಈ ವಿದ್ವಾಂಸ ಅಂದು ಮೈ ಹುಷಾರಿಲ್ಲದೆ ಮಲಗಿದ್ದ. ಪಕ್ಕದಲ್ಲಿ ತಾಯಿ ಕೂತಿದ್ದಳು. ಕನಸಿನಲ್ಲಿ ಮಹಾಕ್ರಾಂತಿಯ ಭೀತಿಯ ದಿನಗಳು ನಡೆಯುತ್ತಿದ್ದವು. ಕಣ್ಣೆದುರೇ ಕೊಲೆಗಳಾದವು. ಆಮೇಲೆ ಇವನನ್ನೇ ಹಿಡಿದು ಕ್ರಾಂತಿಯ ನ್ಯಾಯಮಂಡಳಿಯ ಮುಂದೆ ನಿಲ್ಲಿಸಿದರು. ರೋಬೆಸ್ಪಿಯರ್, ಮರಾ ಮೊದಲಾದ ಆ ಕಾಲದ ಭಯಂಕರರೆಲ್ಲ ಅಲ್ಲಿದ್ದರು. ಅವರೊಡನೆ ವಾದಕ್ಕೆ ವಾದವೂ ಆಯಿತು. ಕೊನೆಗೆ ಮರಣದಂಡನೆ. ಗಾಡಿಯಲ್ಲಿ ಕೂರಿಸಿ, ಕಿಕ್ಕಿರಿದ ಜನರ ನಡುವೆ ಚೌಕಕ್ಕೆ ಕರೆದೊಯ್ದರು. ಕಟ್ಟೆ ಹತ್ತಿಸಿದರು, ಹಲಗೆಗೆ ಬಿಗಿದರು, ಕತ್ತಿ ಇಳಿಯಿತು. ತಲೆ ಮೈಯಿಂದ ಬೇರೆಯಾಗುತ್ತಿದೆ ಎಂಬ ಗಾಬರಿಯಲ್ಲಿ ಎಚ್ಚರವಾದಾಗ ನೋಡುತ್ತಾನೆ, ಗಿಲೊಟಿನ್ ಬೀಳಬೇಕಾದ ಜಾಗದಲ್ಲೇ ಮಂಚದ ಪಟ್ಟಿ ಬಿದ್ದಿದೆ. ಅದು ಬಿದ್ದದ್ದು ಆ ಕ್ಷಣವೇ ಎಂದು ತಾಯಿ ಹೇಳಿದಳು.

ನಿದ್ರೆ ಮತ್ತು ಕನಸುಗಳ ಕುರಿತ ತನ್ನ 1861ರ ಪುಸ್ತಕದಲ್ಲಿ ಮೋರಿ ಇದನ್ನು ಬರೆದ. ಲೆಕ್ಕ ಸರಳವಾಗಿ ಕಾಣುತ್ತದೆ. ಕನಸಿಗೆ ಕಾರಣ ಪಟ್ಟಿ. ಪಟ್ಟಿ ಬಿದ್ದದ್ದಕ್ಕೂ ಎಚ್ಚರವಾದದ್ದಕ್ಕೂ ನಡುವೆ ಇದ್ದದ್ದು ಕ್ಷಣಮಾತ್ರ. ಹಾಗಾದರೆ ಬಂಧನ, ವಿಚಾರಣೆ, ಶಿಕ್ಷೆ, ಮೆರವಣಿಗೆ ಎಲ್ಲವೂ ಆ ಒಂದು ಕ್ಷಣದೊಳಗೇ ನಡೆದುಹೋಗಿರಬೇಕು. ಕನಸಿನಲ್ಲಿ ಕಾಲ ಹಿಗ್ಗುತ್ತದೆ ಎಂಬ ನಂಬಿಕೆಗೆ ಯುರೋಪಿನಲ್ಲಿ ಇದಕ್ಕಿಂತ ಹೆಸರಾದ ಸಾಕ್ಷಿ ಬೇರೆ ಸಿಗಲಿಲ್ಲ. ಮುಂದಿನ ಕೆಲವು ದಶಕ ಪಂಡಿತರು ಇದನ್ನೇ ಹಿಡಿದು ಜಗ್ಗಾಡಿದರು.

ಮೋರಿ ಬರಿಯ ಕನಸುಗಾರನಾಗಿರಲಿಲ್ಲ, ಹಟ ಹಿಡಿದು ಪರೀಕ್ಷೆ ಮಾಡುವ ಜಾತಿ. ತಾನು ನಿದ್ದೆಹೋದ ಮೇಲೆ ಏನೇನು ಮಾಡಬೇಕೆಂದು ಮೊದಲೇ ಹೇಳಿಕೊಟ್ಟು ಮಲಗುತ್ತಿದ್ದ. ತುಟಿಗೂ ಮೂಗಿನ ತುದಿಗೂ ಗರಿಯಿಂದ ಕಚಗುಳಿ ಇಟ್ಟರೆ, ಮುಖಕ್ಕೆ ಡಾಂಬರಿನ ಮುಖವಾಡ ಮೆತ್ತಿ ಚರ್ಮಸಮೇತ ಕೀಳುವ ಚಿತ್ರಹಿಂಸೆ ಕನಸಾಯಿತು. ಕತ್ತರಿಗೆ ಚಿಮಟ ಉಜ್ಜಿ ಸದ್ದು ಮಾಡಿದರೆ ಗಂಟೆಗಳು ಮೊಳಗಿದವು. ಆ ಗಂಟೆಗಳೇ ಅಪಾಯದ ಕರೆಯಾಗಿ 1848ರ ಜೂನ್ ದಂಗೆಗೆ ಒಯ್ದವು. ಕಲೋನ್ ಸುಗಂಧ ಹಿಡಿದರೆ ಕೈರೋ ನಗರದ ಅಂಗಡಿಯಲ್ಲಿದ್ದ. ಹಣೆಗೆ ಒಂದು ತೊಟ್ಟು ನೀರು ಬಿಟ್ಟರೆ ಇಟಲಿಯಲ್ಲಿ ಬೆವರುತ್ತ ಒರ್ವಿಯೆತೊ ಊರಿನ ವೈನ್ ಕುಡಿಯುತ್ತಿದ್ದ. ನನಗೆ ಗಿಲೊಟಿನ್‌ಗಿಂತ ಈ ಹನಿ ನೀರೇ ಹೆಚ್ಚು ಇಷ್ಟ. ಒಂದು ತೊಟ್ಟಿಗೆ ಒಂದು ದೇಶವನ್ನೇ ಕಟ್ಟಿಕೊಡುವ ತಲೆ ಅದು.

ಆದರೆ ಗಿಲೊಟಿನ್ ಕನಸಿನಲ್ಲಿ ಒಂದು ತೊಡಕಿದೆ. ಕನಸನ್ನು ಹುಟ್ಟಿಸಿದ ಪೆಟ್ಟು ಕತೆಯ ಕೊನೆಯಲ್ಲಿದೆ. ಅಂದರೆ ಕೊನೆ ಮೊದಲು ಬಂದು, ಮೊದಲಿನದೆಲ್ಲ ಆಮೇಲೆ ಬಂದಿರಬೇಕು. 1890ರ ದಶಕದಲ್ಲಿ ಲೆ ಲೊರೆನ್ ಮತ್ತು ವಿಕ್ಟರ್ ಎಗ್ಗರ್ ಫ್ರೆಂಚ್ ತತ್ತ್ವಶಾಸ್ತ್ರ ಪತ್ರಿಕೆಯಲ್ಲಿ ಇದರ ಬಗ್ಗೆ ಬಿಸಿಬಿಸಿ ಚರ್ಚೆ ಮಾಡಿದರು. 1896ರಲ್ಲಿ ಎಡ್ಮಂಡ್ ಗೊಬ್ಲೊ ಇನ್ನೂ ಧೈರ್ಯದ ಮಾತಾಡಿದ: ನಮಗೆ ನೆನಪಿರುವ ಕನಸು ನಿದ್ದೆಯಲ್ಲಿ ನಡೆದದ್ದೇ ಅಲ್ಲ, ಎಚ್ಚರಗೊಳ್ಳುವ ಹೊತ್ತಿನಲ್ಲಿ ಹೆಣೆದದ್ದು. ಫ್ರಾಯ್ಡ್ ತನ್ನ ಕನಸುಗಳ ಪುಸ್ತಕದಲ್ಲಿ ಬೇರೊಂದು ದಾರಿ ಹಿಡಿದ. ಕ್ರಾಂತಿಯ ಕತೆಗಳನ್ನು ಓದಿ ಬೆಳೆದ ಫ್ರೆಂಚ್ ತರುಣನ ತಲೆಯಲ್ಲಿ ಇಂಥ ಕಲ್ಪನೆ ಮೊದಲೇ ಸಿದ್ಧವಾಗಿ ಕೂತಿರಬಹುದು. ಪಟ್ಟಿ ಬಿದ್ದಾಗ ಇಡೀ ಕಲ್ಪನೆ ಒಟ್ಟಿಗೇ ಮಿಸುಕಾಡಿತು, ಎದ್ದಮೇಲೆ ಅದನ್ನು ಬಿಡಿಬಿಡಿಯಾಗಿ ನೆನಪಿಸಿಕೊಂಡ, ಅಷ್ಟೆ ಎಂದ. ಅದೂ ಅಲ್ಲದೆ ತರುಣನಾಗಿದ್ದಾಗ ಕಂಡದ್ದನ್ನು ಮೋರಿ ಬರೆದಿಟ್ಟದ್ದು ವರ್ಷಗಳೆಷ್ಟೋ ಉರುಳಿದ ಮೇಲೆ. ಅಷ್ಟರಲ್ಲಿ ಕತೆಗೆ ಉಪ್ಪುಖಾರ ಸೇರದೆ ಇದ್ದೀತೆ?

ಇಂಥ ಕನಸು ಬೀಳಲು ಫ್ರಾನ್ಸಿನಲ್ಲಿ ಹುಟ್ಟಬೇಕಿಲ್ಲ. ಒಂದು ಭಾನುವಾರ ಅಕ್ಕನ ಮನೆಯಲ್ಲಿ, ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ ಕಣ್ಣು ಮುಚ್ಚಿದ್ದೆ. ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿದಿದ್ದೇನೆ. ಯಾರದೋ ಮದುವೆಗೆ ಹೋಗಬೇಕು, ಲಗ್ನಪತ್ರಿಕೆ ಕಳೆದುಹೋಗಿದೆ, ಛತ್ರದ ಹೆಸರು ನೆನಪಿಲ್ಲ. ಪ್ಲಾಟ್‌ಫಾರಂನ ಆ ಕೊನೆಯವರೆಗೆ ಹುಡುಕಿ, ಟಿಕೆಟ್ ಕೌಂಟರಿನಲ್ಲಿ ವಿಚಾರಿಸಿ, ವಾಪಸು ಬರುವಷ್ಟರಲ್ಲಿ ಹೊತ್ತು ಮುಳುಗಿದೆ. ಅಷ್ಟರಲ್ಲಿ ರೈಲು ಸೀಟಿ ಹಾಕಿತು. ಓಡಲು ಹೋಗಿ ಎದ್ದು ಕೂತೆ.

'ಅಕ್ಕ, ಎಷ್ಟು ಸೀಟಿ ಆಯ್ತು?' ಅಂದೆ.

'ಒಂದೇ ಕಣೋ. ಇನ್ನೂ ಎರಡು ಆಗ್ಬೇಕು. ಹಸಿವಾಯ್ತಾ?'

ಒಂದೇ ಸೀಟಿಗೆ ಇಡೀ ಸಂಜೆ! ಮೋರಿ ಮಹಾಶಯನ ಪಕ್ಷಕ್ಕೆ ಸೇರಿಬಿಡೋಣ ಅನ್ನಿಸಿತು. ಆಮೇಲೆ ಅಡುಗೆಮನೆಗೆ ಹೋಗಿ ಎರಡನೇ ಸೀಟಿಗೆ ಕಾಯುತ್ತ ನಿಂತಾಗ ವಿಷಯ ತಿಳಿಯಿತು. ಕುಕ್ಕರು ಇದ್ದಕ್ಕಿದ್ದಂತೆ ಕೂಗುವುದಿಲ್ಲ. ಮೊದಲು ಒಳಗೆ ಕುದಿಯುವ ಗುಡುಗುಡು, ಆಮೇಲೆ ಸಣ್ಣಗೆ ಸುಂಯ್, ಆಮೇಲೆ ವೆಯ್ಟು ಅಲುಗಾಡುವ ಟಕಟಕ, ಅದಾದ ಮೇಲೆ ಸೀಟಿ. ನನ್ನ ಕಿವಿ ಈ ಪೀಠಿಕೆಯನ್ನೆಲ್ಲ ನಿಮಿಷಗಟ್ಟಲೆ ಕೇಳಿಸಿಕೊಂಡಿತ್ತು. ರೈಲು ನಿಲ್ದಾಣವನ್ನು ಕಟ್ಟಲು ಬೇಕಾದಷ್ಟು ಸಮಯವೂ ಸಾಮಗ್ರಿಯೂ ಅದಕ್ಕೆ ಸಿಕ್ಕಿತ್ತು. ಮೋರಿಯ ಮಂಚವೂ ಪಟ್ಟಿ ಬೀಳುವ ಮೊದಲು ಒಂದೆರಡು ಬಾರಿ ಕಿರುಗುಟ್ಟಿರಲಾರದೆ? ಸಡಿಲವಾದ ಪಟ್ಟಿ ತಲೆಯ ಮೇಲಿದೆ ಎಂದು ಮೈಗೆ ಗೊತ್ತಿದ್ದಿರಲಾರದೆ? ತಾಯಿ ಕಂಡದ್ದು ಬಿದ್ದದ್ದನ್ನು ಮಾತ್ರ.

ನಮ್ಮಲ್ಲಿ ಕನಸಿನ ಕಾಲದ ಕತೆಗಳಿಗೆ ಬರವಿಲ್ಲ. ಯೋಗವಾಸಿಷ್ಠದ ಲವಣರಾಜನ ಕತೆಯಂತೂ ಮೋರಿಯದನ್ನು ಮೀರಿಸುತ್ತದೆ. ಹರಿಶ್ಚಂದ್ರನ ವಂಶದ ಈ ದೊರೆಯ ಆಸ್ಥಾನಕ್ಕೆ ಒಬ್ಬ ಐಂದ್ರಜಾಲಿಕ ಬಂದು ನವಿಲುಗರಿಯ ಕುಂಚ ಆಡಿಸುತ್ತಾನೆ. ಅಲ್ಲೊಂದು ಕುದುರೆ ಕಾಣಿಸುತ್ತದೆ. ದೊರೆ ಅದನ್ನು ನೋಡುತ್ತ ನೋಡುತ್ತ ಸಿಂಹಾಸನದಲ್ಲೇ ಕಲ್ಲಾಗುತ್ತಾನೆ. ಸಭೆ ಕಂಡದ್ದು ಇಷ್ಟೇ. ದೊರೆ ಕಂಡದ್ದು ಬೇರೆ. ಆ ಕುದುರೆ ಅವನನ್ನು ಗೊತ್ತಿಲ್ಲದ ಕಾಡಿಗೆ ಒಯ್ದು ಬಿಟ್ಟಿತು. ಹಸಿವಿನಿಂದ ಕಂಗೆಟ್ಟಾಗ, ಅಪ್ಪನಿಗೆ ಬುತ್ತಿ ಹೊತ್ತು ಹೋಗುತ್ತಿದ್ದ ಹುಡುಗಿ ಸಿಕ್ಕಳು. ಶಾಸ್ತ್ರಗಳು ಕೀಳೆಂದು ದೂರವಿಟ್ಟ ಹಟ್ಟಿಯವಳು. ಮದುವೆಯಾಗುವುದಾದರೆ ಅನ್ನ ಕೊಡುತ್ತೇನೆ ಅಂದಳು. ಮದುವೆಯಾದ. ಮಕ್ಕಳಾದವು. ಅರವತ್ತು ವರ್ಷ ಅವರಲ್ಲೊಬ್ಬನಾಗಿ ಬಾಳಿದ. ಬರ ಬಿತ್ತು. ಕಿರಿಯ ಮಗ ಹಸಿವೆಂದು ಅತ್ತಾಗ, ನನ್ನ ಮಾಂಸವನ್ನೇ ತಿನ್ನು ಎಂದು ಚಿತೆ ಒಟ್ಟಿ ಹಾರಲು ಹೋದ. ಆಗ ಎಚ್ಚರ. ಸಭೆಯ ಲೆಕ್ಕದಲ್ಲಿ ಕಳೆದದ್ದು ಒಂದೆರಡು ಮುಹೂರ್ತ. ನಲವತ್ತೆಂಟು ನಿಮಿಷಕ್ಕೆ ಒಂದು ಮುಹೂರ್ತ ಎಂಬ ಲೆಕ್ಕದಲ್ಲಿ ಹೆಚ್ಚೆಂದರೆ ಸುಮಾರು ಒಂದೂವರೆ ಗಂಟೆ. ಕತೆ ಅಲ್ಲಿಗೂ ಮುಗಿಯುವುದಿಲ್ಲ. ಮರುದಿನ ದೊರೆ ದಂಡು ಕಟ್ಟಿಕೊಂಡು ವಿಂಧ್ಯದ ಕಡೆ ಹೊರಟರೆ ಆ ಹಟ್ಟಿ ನಿಜಕ್ಕೂ ಅಲ್ಲಿದೆ. ಮಗಳು ಅಳಿಯನನ್ನು ಕಳೆದುಕೊಂಡ ಮುದುಕಿ ಗೋಳಾಡುತ್ತಿದ್ದಾಳೆ.

ಕತೆಗಾರನಿಗೆ ಇದು ಬೆರಗು. ತಾರ್ಕಿಕರಿಗೆ ಇದೇ ಅಸ್ತ್ರ. ಮಾಂಡೂಕ್ಯ ಕಾರಿಕೆಯಲ್ಲಿ ಗೌಡಪಾದರು ಕನಸು ಸುಳ್ಳೆಂದು ಸಾಧಿಸಲು ಕೊಡುವ ಕಾರಣಗಳಲ್ಲಿ ಒಂದು ಕಾಲದ ಕೊರತೆ. ಅಷ್ಟು ದೂರದ ಊರಿಗೆ ನಿಜವಾಗಿ ಹೋಗಿಬರಲು ಕನಸಿಗೆ ಸಮಯವೇ ಸಾಲದು. ಆದ್ದರಿಂದ ಕನಸು ಕಂಡವನು ಎಲ್ಲಿಗೂ ಹೋಗಿಲ್ಲ. ಶಂಕರರು ಬ್ರಹ್ಮಸೂತ್ರಭಾಷ್ಯದ ಮೂರನೆಯ ಅಧ್ಯಾಯದಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳುತ್ತಾರೆ. ರಾತ್ರಿ ಮಲಗಿದವನು ಅದನ್ನು ಹಗಲೆಂದು ತಿಳಿಯುತ್ತಾನೆ. ಒಂದು ಮುಹೂರ್ತ ಮಾತ್ರ ಇರುವ ಕನಸಿನಲ್ಲಿ ಎಷ್ಟೋ ವರ್ಷಗಳನ್ನು ಕಳೆದುಬಿಡುತ್ತಾನೆ. ಇಂಥದ್ದು ಮಾಯೆಯಲ್ಲದೆ ಇನ್ನೇನು ಎಂಬುದು ಅವರ ವಾದದ ತಿರುಳು. ಗಮನಿಸಿ, ಕನಸಿನಲ್ಲಿ ಕಾಲ ಹಿಗ್ಗುತ್ತದೆ ಎಂಬುದು ಇಲ್ಲಿ ಸಾಧಿಸಬೇಕಾದ ವಿಷಯವೇ ಅಲ್ಲ. ಎಲ್ಲರೂ ಒಪ್ಪಿದ ಅನುಭವ. ಅದರ ಮೇಲೆ ನಿಂತು ಬೇರೊಂದನ್ನು ಸಾಧಿಸುತ್ತಿದ್ದಾರೆ.

ಆ ಒಪ್ಪಿದ ಅನುಭವಕ್ಕೆ ಗಡಿಯಾರ ಹಿಡಿಯುವ ಕೆಲಸ ಆದದ್ದು ಷಿಕಾಗೊ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ನಥಾನಿಯಲ್ ಕ್ಲೈಟ್‌ಮನ್ ನಿದ್ದೆಯ ಹಿಂದೆ ಬಿದ್ದ ಮನುಷ್ಯ. 1938ರಲ್ಲಿ ಶಿಷ್ಯನೊಬ್ಬನನ್ನು ಕರೆದುಕೊಂಡು ಕೆಂಟಕಿಯ ಮ್ಯಾಮತ್ ಗುಹೆಗೆ ಇಳಿದು, ಹಗಲು ರಾತ್ರಿ ತಿಳಿಯದ ಕತ್ತಲಲ್ಲಿ 32 ದಿನ ಇದ್ದು, ಮೈಯನ್ನು 28 ಗಂಟೆಯ ದಿನಕ್ಕೆ ಒಗ್ಗಿಸಬಹುದೇ ಎಂದು ನೋಡಿದವನು. ಅವನ ಇನ್ನೊಬ್ಬ ಶಿಷ್ಯ ಯುಜೀನ್ ಅಸೆರಿನ್‌ಸ್ಕಿ ತನ್ನ ಎಂಟು ವರ್ಷದ ಮಗನ ಕಣ್ಣ ಪಕ್ಕ ತಂತಿ ಅಂಟಿಸಿ, ಹಳೆಯ ಯಂತ್ರವೊಂದಕ್ಕೆ ಜೋಡಿಸಿ ರಾತ್ರಿಯಿಡೀ ಕಾಗದ ಓಡಿಸಿದ. ಹುಡುಗ ನಿದ್ದೆಯಲ್ಲಿದ್ದಾನೆ, ಲೇಖನಿಗಳು ಮಾತ್ರ ಎಚ್ಚರವಿದ್ದವನ ಕಣ್ಣಿನಂತೆ ಕುಣಿಯುತ್ತಿವೆ. ಯಂತ್ರ ಕೆಟ್ಟಿರಬೇಕು ಎಂದುಕೊಂಡರೂ ಮತ್ತೆಮತ್ತೆ ಅದೇ. ಕಣ್ಣು ವೇಗವಾಗಿ ಓಡಾಡುವ ಈ ನಿದ್ದೆ ಆರ್‌ಇಎಂ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಯವಾಯಿತು. 1953ರಲ್ಲಿ ಗುರುಶಿಷ್ಯರು ಬರೆದದ್ದು ಎರಡೇ ಪುಟದಷ್ಟು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಬಹುಪಾಲು ಜನ ಕನಸು ಹೇಳುತ್ತಿದ್ದರು.

ಈಗ ಕನಸಿಗೆ ಆರಂಭ ಸಿಕ್ಕಿತು. ಮೋರಿಗೆ ಇಲ್ಲದಿದ್ದದ್ದು ಇದೇ. ಅವನಿಗೆ ಗೊತ್ತಿದ್ದದ್ದು ಎಚ್ಚರವಾದ ಹೊತ್ತು ಮಾತ್ರ.

ಕ್ಲೈಟ್‌ಮನ್ ಮತ್ತು ವಿಲಿಯಂ ಡಿಮೆಂಟ್ 1957ರಲ್ಲಿ ಪ್ರಕಟಿಸಿದ ಪರೀಕ್ಷೆ ಬಲು ಸರಳ. ಕಣ್ಣು ಓಡಾಡಲು ಶುರುವಾಗಿ ಐದು ನಿಮಿಷವಾದ ಮೇಲೋ ಹದಿನೈದು ನಿಮಿಷವಾದ ಮೇಲೋ ಮಲಗಿದವನನ್ನು ಎಬ್ಬಿಸುವುದು. ಎಬ್ಬಿಸಲು ಇದ್ದದ್ದು ಮನೆ ಬಾಗಿಲಿಗೆ ಹಾಕುವಂಥ ಸಾಮಾನ್ಯ ಕರೆಗಂಟೆ, ಮಂಚದ ಪಕ್ಕದಲ್ಲೇ. ಎದ್ದವನು ತಾನು ಕನಸು ಕಂಡದ್ದು ಐದು ನಿಮಿಷವೋ ಹದಿನೈದೋ ಎಂದು ಹೇಳಬೇಕು. 111 ಸಲ ಎಬ್ಬಿಸಿದರು. 92 ಸಲ ಉತ್ತರ ಸರಿಯಾಗಿತ್ತು. ತಪ್ಪಾದದ್ದು ಹೆಚ್ಚಾಗಿ ಹದಿನೈದನ್ನು ಐದು ಅಂದದ್ದರಲ್ಲಿ. ಅವರಲ್ಲೊಬ್ಬನಿಗೆ ಕನಸಿನ ಬಾಲ ಮಾತ್ರ ನೆನಪಿರುತ್ತಿತ್ತು, ತಲೆ ಮರೆತುಹೋಗುತ್ತಿತ್ತು. ಹೇಳಿದ ಕನಸಿನ ಪದಗಳನ್ನು ಎಣಿಸಿದಾಗಲೂ ಹಾಗೆಯೇ: ಕಣ್ಣು ಹೆಚ್ಚು ಹೊತ್ತು ಓಡಾಡಿದಷ್ಟೂ ಕತೆ ಉದ್ದ. ಎಲ್ಲವೂ ಕ್ಷಣದಲ್ಲಿ ಮುಗಿಯುವುದಾಗಿದ್ದರೆ ಐದಕ್ಕೂ ಹದಿನೈದಕ್ಕೂ ಏನು ವ್ಯತ್ಯಾಸ?

ಮರುವರ್ಷ ಡಿಮೆಂಟ್ ಮತ್ತು ಎಡ್ವರ್ಡ್ ವೋಲ್ಪರ್ಟ್ ಮೋರಿಯ ನೀರಿನ ತೊಟ್ಟನ್ನೇ ಮತ್ತೆ ಹಿಡಿದರು. ಕಣ್ಣು ಓಡಾಡುವ ಹೊತ್ತಿನಲ್ಲಿ ಮಲಗಿದವನ ಮೈಮೇಲೆ ಸಣ್ಣಗೆ ತಣ್ಣೀರು ಚಿಮುಕಿಸಿ, ಇಂತಿಷ್ಟು ಹೊತ್ತು ಬಿಟ್ಟು ಎಬ್ಬಿಸಿದರು. ಒಬ್ಬ ತಾನು ನಾಟಕದಲ್ಲಿದ್ದೆ ಅಂದ. ನಾಯಕಿಯ ಹಿಂದೆ ನಡೆದು ಹೋಗುತ್ತಿರುವಾಗ ಅವಳು ಧಡಕ್ಕನೆ ಕುಸಿದಳು, ಅವಳ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಓಡಿಹೋದರೆ ತನ್ನ ಬೆನ್ನಿಗೂ ತಲೆಗೂ ನೀರು, ಮೇಲೆ ನೋಡಿದರೆ ಚಾವಣಿ ಸೋರುತ್ತಿದೆ. ಅವಳನ್ನು ಪಕ್ಕಕ್ಕೆ ಎಳೆದು ಪರದೆ ಎಳೆಯತೊಡಗಿದ, ಅಷ್ಟರಲ್ಲಿ ಎಬ್ಬಿಸಿದರು. ನೀರು ಬಿದ್ದಾಗಿನಿಂದ ಏಳುವವರೆಗೆ ಕಳೆದದ್ದು ಸುಮಾರು ಅರ್ಧ ನಿಮಿಷ. ಕುಸಿದದ್ದರಿಂದ ಪರದೆಯವರೆಗಿನದನ್ನು ಎಚ್ಚರದಲ್ಲಿ ಅಭಿನಯಿಸಿ ನೋಡಿ, ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ನೀರಿನ ತೊಟ್ಟು ಕನಸಿನೊಳಗೆ ನೆಟ್ಟ ಮೈಲಿಗಲ್ಲಾಯಿತು.

ಇಲ್ಲಿಗೆ ಮೋರಿ ಸೋತ ಅನ್ನಬಹುದಿತ್ತು. ಆದರೆ ಲವಣನ ಅರವತ್ತು ವರ್ಷ ಎಲ್ಲಿ ಹೋಯಿತು? ಕನಸಿನಲ್ಲಿ ಮಗ ಹುಟ್ಟಿ, ಓದಿ, ಅಮೆರಿಕಕ್ಕೆ ಹೋದದ್ದನ್ನು ಕಂಡೆ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆ ಅನ್ನಿಸಿದ್ದು ನಿಜ.

ಯಕ್ಷಗಾನ ನೋಡಿದವರಿಗೆ ಉತ್ತರ ಗೊತ್ತಿದೆ. ಭಾಗವತರು ಒಂದು ಪದ್ಯ ಹೇಳಿ ಮುಗಿಸುವಷ್ಟರಲ್ಲಿ ಪಾಂಡವರ ಹನ್ನೆರಡು ವರ್ಷ ವನವಾಸ ಮುಗಿದಿರುತ್ತದೆ. ವೇಷಧಾರಿ ರಂಗಸ್ಥಳಕ್ಕೆ ಎರಡು ಸುತ್ತು ಹಾಕಿ ನಿಂತರೆ ಹಸ್ತಿನಾವತಿಯಿಂದ ದ್ವಾರಕೆಗೆ ಬಂದಾಯಿತು. ಅದೇ ಆಟದಲ್ಲಿ ಇಬ್ಬರು ವೀರರು ಮುಖಾಮುಖಿಯಾಗಿ ಮಾತಿಗೆ ನಿಂತರೆ ಅರ್ಧ ಗಂಟೆಯಾದರೂ ಬಾಣ ಬಿಡುವುದಿಲ್ಲ. ಯಾವ ಪ್ರೇಕ್ಷಕನೂ ಎದ್ದು ನಿಂತು, ಸ್ವಾಮಿ, ಹನ್ನೆರಡು ವರ್ಷ ಎಲ್ಲಿ ಎಂದು ಕೇಳುವುದಿಲ್ಲ. ಕಳೆಯಿತು ಅಂದರೆ ಕಳೆಯಿತು. ಕನಸಿನಲ್ಲೂ ವರ್ಷಗಳು ನಡೆಯುವುದಿಲ್ಲ, ನಡೆದವು ಎಂದು ಗೊತ್ತಾಗಿಬಿಡುತ್ತದೆ. ಮಗು ತೊಟ್ಟಿಲಲ್ಲಿದೆ, ಮುಂದಿನ ನೋಟದಲ್ಲಿ ಅದಕ್ಕೆ ಮೀಸೆ ಬಂದಿದೆ, ನಡುವಿನ ಇಪ್ಪತ್ತು ವರ್ಷವನ್ನು ನಾವು ಬಾಳಿದ್ದೇವೆ ಎಂಬ ನಂಬಿಕೆ ಮಾತ್ರ ಜೊತೆಗೆ ಬಂದಿದೆ. ಕಾಲ ಹಿಗ್ಗಲಿಲ್ಲ, ನಡುವೆ ಕತ್ತರಿ ಬಿತ್ತು. ಒಂದೊಂದು ನೋಟವೂ ತನ್ನಷ್ಟಕ್ಕೆ ನಮ್ಮ ಕೈಗಡಿಯಾರದ ವೇಗದಲ್ಲೇ ಓಡುತ್ತದೆ.

ಕತ್ತರಿ ಬಿದ್ದದ್ದು ಮಲಗಿದವನಿಗೆ ಯಾಕೆ ಗೊತ್ತಾಗುವುದಿಲ್ಲ? 1990ರ ದಶಕದಲ್ಲಿ ಆರ್‌ಇಎಂ ನಿದ್ದೆಯಲ್ಲಿದ್ದವರ ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಭಾವನೆಗಳ ಭಾಗಗಳು ಉರಿಯುತ್ತಿದ್ದರೆ, ಹಣೆಯ ಹಿಂದೆ ಎರಡು ಪಕ್ಕದಲ್ಲಿರುವ, ಲೆಕ್ಕಾಚಾರ ಮತ್ತು ಸರಿತಪ್ಪು ತೂಗುವ ಭಾಗ ತಣ್ಣಗಿದ್ದದ್ದು ಕಂಡಿತು. ಸತ್ತ ತಾತ ಕಾಫಿ ಕುಡಿಯುತ್ತ ಕೂತಿದ್ದರೂ ನಾವು ಆಶ್ಚರ್ಯಪಡದೆ ಸಕ್ಕರೆ ಸಾಕಾ ಎಂದು ಕೇಳುವುದು ಇದರಿಂದಲೇ. ತಾತನನ್ನೇ ಪ್ರಶ್ನಿಸದ ಮನಸ್ಸು ನಡುವೆ ಜಾರಿದ ಇಪ್ಪತ್ತು ವರ್ಷವನ್ನು ಪ್ರಶ್ನಿಸುತ್ತದೆಯೇ?

ಎಚ್ಚರದ ಬದುಕಿನಲ್ಲೂ ಕಾಲದ ಉದ್ದವನ್ನು ನಾವು ಅಳೆಯುವುದು ಗಡಿಯಾರದಿಂದಲ್ಲ, ನೆನಪಿನ ರಾಶಿಯಿಂದ. ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಾಕ್ಷಿ. 31 ಮೀಟರ್ ಎತ್ತರದಿಂದ ಜನರನ್ನು ಬೆನ್ನು ಕೆಳಗಾಗಿ, ಹಗ್ಗದ ಆಸರೆಯಿಲ್ಲದೆ, ಬಲೆಗೆ ಬೀಳಿಸಿದರು. ಬಿದ್ದು ಎದ್ದವರು ತಾವು ಬಿದ್ದ ಹೊತ್ತನ್ನು ಬೇರೆಯವರು ಬಿದ್ದ ಹೊತ್ತಿಗಿಂತ ಶೇ 36ರಷ್ಟು ಉದ್ದವೆಂದು ಅಂದಾಜು ಮಾಡಿದರು. ಆದರೆ ಅವರ ಮಣಿಕಟ್ಟಿಗೆ ಒಂದು ಪುಟ್ಟ ಪರದೆ ಕಟ್ಟಿತ್ತು; ಅದರಲ್ಲಿ ಅಂಕಿಗಳು ಸಾಮಾನ್ಯ ಕಣ್ಣಿಗೆ ನಿಲುಕದಷ್ಟು ಬೇಗ ಮಿನುಗುತ್ತಿದ್ದವು. ಭಯದಲ್ಲಿ ಕಾಲ ನಿಜಕ್ಕೂ ನಿಧಾನವಾಗುವುದಾದರೆ ಆ ಅಂಕಿಗಳನ್ನು ಓದಲು ಬರಬೇಕಿತ್ತು. ಬರಲಿಲ್ಲ. ಭಯವು ನೆನಪನ್ನು ದಟ್ಟವಾಗಿ ಬರೆದಿಟ್ಟಿತು, ದಟ್ಟವಾದದ್ದು ಉದ್ದವೆನ್ನಿಸಿತು. ಕನಸೂ ದಟ್ಟವಾದ ಸರಕು. ಹದಿನೈದು ನಿಮಿಷದಲ್ಲಿ ಮೂರು ಊರು, ಐದು ಜಗಳ, ಒಂದು ಪರೀಕ್ಷೆ. ಎಚ್ಚರದ ಯಾವ ಹದಿನೈದು ನಿಮಿಷದಲ್ಲಿ ನಮಗೆ ಇಷ್ಟು ಆಗುತ್ತದೆ?

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ಮಾತು ಯಾರಿಗೆ ಗೊತ್ತಿಲ್ಲ? ಮೊದಲ ಜಾವದ ಕನಸು ಫಲಿಸಲು ವರ್ಷ ಬೇಕು, ಕೊನೆಯ ಜಾವದ್ದಕ್ಕೆ ಕೆಲವೇ ದಿನ ಎಂದು ಸ್ವಪ್ನಶಾಸ್ತ್ರದ ಪುಸ್ತಕಗಳು ಪಟ್ಟಿ ಕೊಡುತ್ತವೆ. ಫಲದ ವಿಷಯಕ್ಕೆ ನಾನು ಜವಾಬ್ದಾರನಲ್ಲ. ಆದರೆ ಜಾವ ಜಾವಕ್ಕೆ ಕನಸು ಬೇರೆ ಎಂದು ಹಿರಿಯರು ಗುರುತಿಸಿದ್ದು ಮೆಚ್ಚತಕ್ಕದ್ದು. ಸುಮಾರು 90 ನಿಮಿಷಕ್ಕೊಮ್ಮೆ ಆರ್‌ಇಎಂ ಬರುತ್ತದೆ. ಮೊದಲ ಸರದಿ ಕೆಲವೇ ನಿಮಿಷ. ಬೆಳಗಾಗುತ್ತ ಆಗುತ್ತ ಒಂದೊಂದು ಸರದಿ ಅರ್ಧ ಗಂಟೆಯನ್ನೂ ಮುಟ್ಟುತ್ತದೆ. ಜಾವದ ಕನಸು ಉದ್ದವೆನ್ನಿಸುವುದು ಅದು ಉದ್ದವಾಗಿರುವುದರಿಂದಲೇ. ಜೊತೆಗೆ ಅದರ ಮಧ್ಯದಿಂದಲೇ ಎದ್ದುಬಿಡುತ್ತೇವಾದ್ದರಿಂದ ನೆನಪೂ ಇರುತ್ತದೆ.

ಹಾಗಾದರೆ ನಿದ್ದೆಯಲ್ಲಿ ಮೆದುಳು ಎಂದೂ ಕಾಲವನ್ನು ಹಿಂಡುವುದೇ ಇಲ್ಲವೆ? ಹಿಂಡುತ್ತದೆ. ಆದರೆ ನಾವು ಹುಡುಕುವ ಜಾಗದಲ್ಲಿ ಅಲ್ಲ. ಎಂಐಟಿಯ ಮ್ಯಾಥ್ಯೂ ವಿಲ್ಸನ್ ತಂಡ ಇಲಿಗಳ ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ನೆನಪಿನ ಭಾಗದಲ್ಲಿ ಕೂದಲೆಳೆಯಂಥ ತಂತಿಗಳನ್ನಿಟ್ಟು, ಇಲಿ ದಾರಿಯಲ್ಲಿ ಓಡುವಾಗ ಯಾವ ಕೋಶದ ಬೆನ್ನಿಗೆ ಯಾವ ಕೋಶ ಮಿಡಿಯುತ್ತದೆ ಎಂದು ಬರೆದಿಟ್ಟುಕೊಂಡಿತು. ಆಮೇಲೆ ಇಲಿ ಮಲಗಿತು. ಆರ್‌ಇಎಂ ನಿದ್ದೆಯಲ್ಲಿ ಅದೇ ಸಾಲು ಮತ್ತೆ ಮಿಡಿಯಿತು, ಅದೂ ಹೆಚ್ಚುಕಡಿಮೆ ಓಡಿದ ವೇಗದಲ್ಲೇ, ಒಂದೆರಡು ನಿಮಿಷಗಳ ಓಟ ನಿಮಿಷಗಳಷ್ಟೇ ಉದ್ದವಾಗಿ. ಇದು 2001ರ ಫಲಿತಾಂಶ. ಮರುವರ್ಷ ಅದೇ ಪ್ರಯೋಗಾಲಯ ಗಾಢನಿದ್ದೆಯನ್ನು ನೋಡಿದಾಗ ಅಲ್ಲೂ ಸಾಲು ಮಿಡಿಯಿತು, ಆದರೆ ಸುಮಾರು 20 ಪಟ್ಟು ಬೇಗ. ಕಾಲ ಹಿಂಡಿಹೋಗುವುದು ಗಾಢನಿದ್ದೆಯಲ್ಲಿ; ನಾವು ಕತೆಕತೆಯಾಗಿ ನೆನಪಿಟ್ಟುಕೊಳ್ಳುವ ಕನಸುಗಳು ಹೆಚ್ಚಾಗಿ ಬೀಳುವುದು ಆರ್‌ಇಎಂ ನಿದ್ದೆಯಲ್ಲಿ. ಇಲಿ ಏನು ಕನಸು ಕಂಡಿತು ಎಂದು ಕೇಳಿ ತಿಳಿಯುವಂತಿಲ್ಲವಾದ್ದರಿಂದ ಇದನ್ನು ಎಳೆದು ದೊಡ್ಡ ಸಿದ್ಧಾಂತ ಮಾಡುವುದು ಬೇಡ.

ಸಿನಿಮಾದವರಿಗೆ ಮಾತ್ರ ಇಂದಿಗೂ ಮೋರಿಯೇ ಬೇಕು. 2010ರ 'ಇನ್ಸೆಪ್ಷನ್' ಚಿತ್ರದಲ್ಲಿ ಎಚ್ಚರದ ಐದು ನಿಮಿಷಕ್ಕೆ ಕನಸಿನ ಒಂದು ಗಂಟೆ. ಕನಸಿನೊಳಗಿನ ಕನಸಿಗೆ ಇಳಿದಂತೆಲ್ಲ ಇನ್ನೂ ಹಿಗ್ಗು. ಪವನ್ ಕುಮಾರ್ ಜನರಿಂದ ಹಣ ಕೂಡಿಸಿ 2013ರಲ್ಲಿ ತೆಗೆದ 'ಲೂಸಿಯಾ' ಹೆಚ್ಚು ಜಾಣತನ ತೋರಿತು. ಟಾಕೀಸಿನಲ್ಲಿ ಟಾರ್ಚು ಹಿಡಿಯುವ ನಿದ್ದೆಗೆಟ್ಟ ಹುಡುಗ ಮಾತ್ರೆ ನುಂಗಿ ದಿನವೂ ಕನಸಿನಲ್ಲಿ ಇನ್ನೊಂದು ಬದುಕು ಬಾಳುತ್ತಾನೆ, ಧಾರಾವಾಹಿಯ ಹಾಗೆ. ಅಲ್ಲಿ ಕಾಲ ಹಿಗ್ಗಿಸುವ ಗಣಿತವಿಲ್ಲ. ಬೇಕಾದದ್ದು ಕಂತುಗಳು ಮಾತ್ರ.

ಈ ಎಲ್ಲ ಅಳತೆಗೂ ಒಂದು ದೊಡ್ಡ ಆಕ್ಷೇಪ ಇದೆ, ಅದು ಬಂದದ್ದು ನಮ್ಮ ಮೈಸೂರು ಸೀಮೆಯಿಂದ. 1930ರಲ್ಲಿ ಇಂಗ್ಲಿಷಿನಲ್ಲಿ ವೇದಾಂತದ ದೊಡ್ಡ ಗ್ರಂಥ ಬರೆದ ಕೆ.ಎ. ಕೃಷ್ಣಸ್ವಾಮಿ ಅಯ್ಯರ್, ಅವರ ಹಾದಿಯಲ್ಲಿ ನಡೆದು ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದಿಂದ ಶಂಕರಭಾಷ್ಯಗಳನ್ನು ಕನ್ನಡಕ್ಕೆ ತಂದ ಸಚ್ಚಿದಾನಂದೇಂದ್ರ ಸರಸ್ವತಿಗಳು, ಎಚ್ಚರ, ಕನಸು, ಗಾಢನಿದ್ದೆ ಈ ಮೂರು ಅವಸ್ಥೆಗಳ ಪರೀಕ್ಷೆಯನ್ನೇ ವೇದಾಂತದ ಬಾಗಿಲೆಂದು ಹಿಡಿದವರು. ಅವರ ಪ್ರಶ್ನೆ ಹರಿತವಾದದ್ದು. ಎಚ್ಚರದ ಕಾಲ ಎಚ್ಚರಕ್ಕೆ ಸೇರಿದ್ದು, ಕನಸಿನ ಕಾಲ ಕನಸಿಗೆ ಸೇರಿದ್ದು. ಎರಡನ್ನೂ ಒಳಗೊಂಡ ಮೂರನೆಯ ಕಾಲ ಯಾವುದಿದೆ? ಕನಸು ಹದಿನೈದು ನಿಮಿಷ ನಡೆಯಿತು ಎನ್ನುವುದು ಎಚ್ಚರದವನ ತೀರ್ಪು. ಕನಸಿನೊಳಗಿದ್ದವನ ಕೈಯಲ್ಲೂ ಒಂದು ಗಡಿಯಾರ ಇತ್ತು, ಅದನ್ನು ಯಾರು ಕೇಳಿದರು?

ಷಿಕಾಗೊದ ಕರೆಗಂಟೆ ಈ ಪ್ರಶ್ನೆಗೆ ಉತ್ತರ ಕೊಡಲಾರದು. ಎದ್ದಮೇಲೆ ಕೇಳುವುದು ಎದ್ದವನನ್ನೇ. ಎಚ್ಚರದವನಿಗೂ ಕನಸಿನವನಿಗೂ ಮಾತುಕತೆ ಶುರುವಾದದ್ದು 1975ರಲ್ಲಿ, ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ. ಕೆಲವರಿಗೆ ಕನಸು ಕಾಣುತ್ತಿರುವಾಗಲೇ ಇದು ಕನಸು ಎಂದು ಗೊತ್ತಾಗುತ್ತದೆ. ಅಂಥವನೊಬ್ಬ ಅಲನ್ ವೋರ್ಸ್ಲಿ. ಆರ್‌ಇಎಂ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳು ಸತ್ತಂತೆ ಬಿದ್ದಿರುತ್ತವೆ, ಕಣ್ಣು ಮಾತ್ರ ಸ್ವತಂತ್ರ. ಕನಸಿನಲ್ಲಿ ಅರಿವು ಬಂದೊಡನೆ ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸು ಎಂದು ಪ್ರಯೋಗ ನಡೆಸುತ್ತಿದ್ದ ಕೀತ್ ಹರ್ನ್ ಹೇಳಿಕೊಟ್ಟಿದ್ದ. ಮಲಗಿದವನ ಕಣ್ಣು ಆಡಿತು, ಯಂತ್ರದ ಲೇಖನಿ ಬರೆಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್, ಹರ್ನ್‌ನ ಕೆಲಸ ತಿಳಿಯದೆಯೇ, ತಾನೂ ಇದೇ ದಾರಿಯನ್ನು ಕಂಡುಕೊಂಡು, ಅದನ್ನು ಕಾಲ ಅಳೆಯಲು ಬಳಸಿದ. ಕಣ್ಣಾಡಿಸು, ಕನಸಿನಲ್ಲಿ ಹತ್ತು ಸೆಕೆಂಡು ಎಣಿಸು, ಮತ್ತೆ ಕಣ್ಣಾಡಿಸು. ಎರಡು ಗುರುತುಗಳ ನಡುವಿನ ಅಂತರ ಎಚ್ಚರದಲ್ಲಿ ಎಣಿಸಿದಷ್ಟೇ ಇತ್ತು.

ಈಗ ಮಾತುಕತೆ ಎರಡೂ ಕಡೆಯಿಂದ ನಡೆಯುತ್ತದೆ. ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ನ ನಾಲ್ಕು ತಂಡಗಳು ಸೇರಿ 2021ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ನಿದ್ದೆಯಲ್ಲಿದ್ದ ಯುವಕನೊಬ್ಬನ ಕಿವಿಗೆ ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ಕೇಳಿದರು. ಅವನ ಕಣ್ಣು ಎರಡು ಬಾರಿ ಎಡಬಲ ಆಡಿ ಎರಡು ಅಂದಿತು. ಎಲ್ಲರೂ ಇಷ್ಟು ಜಾಣರಲ್ಲ. 158 ಸಲ ಕೇಳಿದ್ದರಲ್ಲಿ ಸರಿಯುತ್ತರ ಬಂದದ್ದು ಶೇ 18ರಷ್ಟು, ಅರ್ಧಕ್ಕಿಂತ ಹೆಚ್ಚು ಬಾರಿ ಉತ್ತರವೇ ಇಲ್ಲ. ಕೆಲವರಿಗೆ ಪ್ರಶ್ನೆ ಕನಸಿನ ರೇಡಿಯೊದಿಂದ ಬಂದಂತೆ ಕೇಳಿಸಿತ್ತಂತೆ. ಎರಡು ಗಡಿಯಾರಗಳನ್ನು ಒಟ್ಟಿಗೆ ಹಿಡಿದು ನೋಡಲು ಇದಕ್ಕಿಂತ ಹತ್ತಿರ ಹೋದವರಿಲ್ಲ. ಅಯ್ಯರ್ ಇದ್ದಿದ್ದರೆ ಒಪ್ಪುತ್ತಿರಲಿಲ್ಲ ಎಂದೇ ನನ್ನ ಊಹೆ. ಆ ಲೇಖನಿಯೂ ಎಚ್ಚರದ ಮೇಜಿನ ಮೇಲೇ ಇದೆಯಲ್ಲ ಎನ್ನುತ್ತಿದ್ದರು.

ಲೇಖನಿ ಎಲ್ಲಿದ್ದರೂ ಅದು ಬರೆದ ಒಂದು ವಿಷಯ ಮೋರಿಗೂ ಶಂಕರರಿಗೂ ಹೊಳೆದಿರಲಾರದು. ಜರ್ಮನಿಯ ಡೇನಿಯಲ್ ಎರ್ಲಾಖರ್ ಮತ್ತು ಮೈಕೆಲ್ ಷ್ರೆಡಲ್ 2004ರಲ್ಲಿ ಇಂಥ ಅರಿವುಳ್ಳ ಕನಸುಗಾರರಿಗೆ ಎಣಿಕೆಯ ಜೊತೆ ಬಸ್ಕಿ ಹೊಡೆಯಲೂ ಹೇಳಿದರು. ಎಣಿಕೆಗೆ ಎಚ್ಚರದಲ್ಲಿ ಹಿಡಿದಷ್ಟೇ ಹೊತ್ತು ಹಿಡಿಯಿತು. ಬಸ್ಕಿಗೆ ಮಾತ್ರ ಎಚ್ಚರದಲ್ಲಿ ಹಿಡಿದದ್ದಕ್ಕಿಂತ ಶೇ 40ಕ್ಕೂ ಮೀರಿ ಹೆಚ್ಚುವರಿ ಸಮಯ ಬೇಕಾಯಿತು. ಹತ್ತು ವರ್ಷದ ನಂತರ ನಡಿಗೆ, ಕಸರತ್ತುಗಳನ್ನು ಅಳೆದಾಗಲೂ ಕನಸಿನ ಮೈ ಎಚ್ಚರದ ಮೈಗಿಂತ ನಿಧಾನವೇ ಆಗಿತ್ತು. ಕ್ಷಣದಲ್ಲಿ ವರ್ಷಗಳನ್ನು ಓಡಿಸುತ್ತದೆ ಎಂದುಕೊಂಡಿದ್ದ ಕನಸು ಒಂದು ಬಸ್ಕಿಗೆ ಏದುಸಿರು ಬಿಡುತ್ತದೆ! ಕೆಲಸ ನಡೆಯುತ್ತಿದೆ ಎಂದು ಸ್ನಾಯುಗಳಿಂದ ಮರುಸುದ್ದಿ ಬಾರದಿರುವುದೇ ಕಾರಣವಿರಬಹುದು ಎಂಬುದು ಅವರ ಒಂದು ಊಹೆ. ಆ ನಿದ್ದೆಯಲ್ಲಿ ಮೆದುಳಿನ ಕೆಲಸವೇ ನಿಧಾನವೋ ಏನೋ ಎಂಬುದು ಇನ್ನೊಂದು. ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ, ಓಡಬೇಕೆಂದರೆ ಕಾಲೇ ಏಳುತ್ತಿಲ್ಲ ಎಂದು ಗೋಳು ಹೇಳಿಕೊಳ್ಳುವವರು ಎಲ್ಲ ಮನೆಯಲ್ಲೂ ಇದ್ದಾರೆ. ಬಸ್ಕಿಯ ಲೆಕ್ಕ ಸರಿಯಾಗಿದ್ದರೆ ಅವರು ಹೇಳುತ್ತಿರುವುದು ಅಳತೆಗೆ ಸಿಕ್ಕ ಸತ್ಯ.